ಮೀಸೆಮಾವ ಬಿಟ್ಟುಹೋದ ಕರು

ಮೊಣಕಾಲು ಮುಟ್ಟುವ ಜಡೆ ಇದ್ದವಳಿಗೆ ಊರಿನವರು ಬೋಡಕ್ಕ ಎಂದು ಹೆಸರಿಟ್ಟಿದ್ದರು. ತಲೆಗೂದಲಿಗೂ ಆ ಹೆಸರಿಗೂ ಸಂಬಂಧವೇ ಇರಲಿಲ್ಲ. ಕೊಂಬಿಲ್ಲದ ದನವನ್ನು ಬೋಡು ದನ ಎನ್ನುತ್ತಾರಲ್ಲ, ಅಂಥದ್ದೊಂದು ಹೋರಿಯನ್ನು ಅವಳು ದನದ ಸಂತೆಯಿಂದ ಹಿಡಿದುಕೊಂಡು ಬಂದ ದಿನ ಅಂಟಿದ ಹೆಸರು ಅದು. ಮೊದಮೊದಲು ಬೆನ್ನ ಹಿಂದೆ ಕರೆದರು. ಆಮೇಲೆ ಎದುರಿಗೇ ಕರೆದರು. ಕೊನೆಗೆ ಅವಳೇ ಫೋನು ಎತ್ತಿಕೊಂಡು "ಹಾಂ, ಬೋಡಕ್ಕ ಮಾತಾಡ್ತಿರೋದು" ಎನ್ನುವ ಹಾಗಾಯಿತು.

ಅವಳು ಸೊಸೆಯಾಗಿ ಬಂದದ್ದು ದನ ಸಾಕಿ ಮಾರುವ ಮನೆಗೆ. ಹಾಲು ಮನೆ ಖರ್ಚಿಗಾದರೆ, ಕೈಗೆ ನಾಲ್ಕು ಕಾಸು ಒಟ್ಟಿಗೆ ಬರುತ್ತಿದ್ದದ್ದು ಕಡಸುಗಳನ್ನು ಬೆಳೆಸಿ, ಮೊದಲ ಗಬ್ಬ ನಿಂತ ಮೇಲೆ ಹರಾಜಿಗೆ ಬಿಟ್ಟಾಗ. ಗಂಡ ಲಾರಿ ಓಡಿಸುತ್ತಿದ್ದ. ತಮ್ಮ ಮನೆಯ ದನ, ಊರವರ ದನ ಎಲ್ಲವನ್ನೂ ಅವನೇ ಸಂತೆಗೆ ಸಾಗಿಸಬೇಕು. ಕೊಟ್ಟಿಗೆ ಅತ್ತೆಯ ಕೈಯಲ್ಲಿತ್ತು. ಸೊಸೆ ಬಂದ ವರ್ಷವೇ ಅತ್ತೆಗೆ ಮಂಡಿನೋವು ಜೋರಾಯಿತು. "ನನ್ನ ಕಾಲು ಕೈಕೊಟ್ಟಿದೆ. ಇನ್ನು ನೀನುಂಟು, ದನ ಉಂಟು" ಎಂದು ಕೊಟ್ಟಿಗೆಯನ್ನು ಅವಳ ಕೈಗೆ ಒಪ್ಪಿಸಿದಳು. ಒಪ್ಪಿಸಿದ ಮೇಲೂ ಬಾಗಿಲ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕೂತು, ಹುಲ್ಲು ಹಾಕಿದ್ದು ಹೆಚ್ಚಾಯಿತು, ನೀರು ಇಟ್ಟದ್ದು ತಡವಾಯಿತು ಎಂದು ಹೇಳುವ ಕೆಲಸವನ್ನು ಮಾತ್ರ ಬಿಡಲಿಲ್ಲ.

ಆ ಹೊತ್ತಿಗೆ ಸಂತೆಯ ಗಾಳಿ ಬದಲಾಗಿತ್ತು. ಮೊದಲೆಲ್ಲ ಚೆಂದದ ಕೊಂಬಿದ್ದರೆ ದನಕ್ಕೆ ಒಂದು ಕಳೆ, ಒಂದು ಬೆಲೆ. ಈಗ ಕೊಳ್ಳುವವರು ದೊಡ್ಡ ಡೈರಿಯವರು. ಅವರ ಕೊಟ್ಟಿಗೆಯಲ್ಲಿ ದನಗಳನ್ನು ಕಟ್ಟುವುದಿಲ್ಲ, ಬಿಟ್ಟೇ ಇರುತ್ತಾರೆ. ಒಂದು ಹಸು ಇನ್ನೊಂದರ ಕೆಚ್ಚಲಿಗೆ ತಿವಿದರೆ ಅಲ್ಲಿಗೆ ಅದರ ಕಥೆ ಮುಗಿದಂತೆ. ಹಾಗಾಗಿ ಕೊಂಬಿರುವುದಕ್ಕೆ ಬೆಲೆ ಇಳಿಸತೊಡಗಿದರು. ಊರವರೂ ಜಾಣರೇ. ಕರು ಎಳೆಯದಿದ್ದಾಗಲೇ ಕೊಂಬಿನ ಮೊಳಕೆಯನ್ನು ಕಾಯಿಸಿದ ಕಬ್ಬಿಣದಿಂದ ಸುಡಿಸುವುದು ಶುರುವಾಯಿತು.

ಸುಡುವವನು ಬಂದಾಗ ಕರುವಿನ ತಲೆ ಹಿಡಿಯುವ ಕೆಲಸ ಸೊಸೆಯದು. ಕೂದಲು ಸುಟ್ಟ ಕಮಟು ಅವಳ ಸೀರೆಯಿಂದ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಅದನ್ನೂ ಅವಳು ಸಹಿಸಿಕೊಂಡಿದ್ದಳೇನೋ. ಆದರೆ ಒಂದು ಕೆಂದ ಕರು ಇತ್ತು, ಅವಳ ಬೆರಳನ್ನು ಮೊಲೆಯೆಂದುಕೊಂಡು ಚೀಪುತ್ತಿದ್ದ ಕರು. ಸುಡಿಸಿದ ಮೇಲೆ ಅದು ಅವಳ ಬಳಿ ಬರಲಿಲ್ಲ. ಗಾಯ ಮಾಯಿತು, ಕೂದಲು ಬಂತು, ಕರು ಕಡಸಾಯಿತು. ಬೇರೆ ಯಾರು ಹುಲ್ಲು ಹಿಡಿದರೂ ತಿನ್ನುತ್ತಿತ್ತು. ಅವಳು ಹಿಡಿದರೆ ಮಾತ್ರ ಹಿಂದೆ ಸರಿದು ಗೋಡೆಗೆ ಒರಗಿ ನಿಲ್ಲುತ್ತಿತ್ತು. ಅದು ಮಾರಾಟವಾಗಿ ಹೋಗುವವರೆಗೂ ಹಾಗೇ.

ಮುಂದಿನ ಸಂತೆಯಲ್ಲಿ ಅವಳು ಬೋಡು ಹೋರಿಯನ್ನು ಕೊಂಡದ್ದು ಆ ಸಂಕಟಕ್ಕೇ. ಹುಟ್ಟಿನಿಂದಲೇ ಕೊಂಬಿಲ್ಲದ ಹೋರಿ. ತಲೆ ಬೋರಲು ಹಾಕಿದ ಮಡಕೆಯ ಹಾಗಿತ್ತು. ತಂದೆ ಬೋಡಾಗಿದ್ದರೆ ಮಕ್ಕಳೂ ಬೋಡಾಗುತ್ತವೆ, ಕಬ್ಬಿಣ ಕಾಯಿಸುವ ಗೋಜೇ ಇರುವುದಿಲ್ಲ ಎಂದು ಅವಳ ಲೆಕ್ಕ.

ಹೋರಿಯನ್ನು ಲಾರಿಗೆ ಹತ್ತಿಸುತ್ತಿರುವಾಗ ಮೀಸೆಮಾವ ಎದುರಾದ. ಆ ಸೀಮೆಗೆಲ್ಲ ದನ ಸಾಕುವವರಲ್ಲಿ ಅವನದೇ ಎತ್ತಿದ ಕೈ. ಅವನ ಮನೆಯ ಹಸುವಿನ ಕೆಚ್ಚಲು ನೋಡಲೆಂದೇ ಜನ ಬರುತ್ತಿದ್ದರು. ಹೊಟ್ಟೆಗೆ ಹೊಲಿದಂತೆ ಅಂಟಿಕೊಂಡ ಕೆಚ್ಚಲು, ನಾಲ್ಕೂ ಮೊಲೆ ಒಂದೇ ಸಮ. ಆ ದನಗಳಿಗೆ ಕೊಂಬೂ ಅಷ್ಟೇ, ಅವನ ಮೀಸೆಯ ಹಾಗೆ ಎರಡೂ ಕಡೆ ಮೇಲಕ್ಕೆ ತಿರುಗಿದವು. ಕೆಚ್ಚಲು ನೋಡಿದವರು ಕೊಂಬನ್ನು ಕ್ಷಮಿಸಿ ಕೇಳಿದ ಬೆಲೆ ಕೊಡುತ್ತಿದ್ದರು. ಅವಳ ಅತ್ತೆ ಅವನನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ಸೊಸೆಗೆ ಮಾವ.

"ಏನಮ್ಮ, ಇದಕ್ಕೂ ದುಡ್ಡು ಕೊಟ್ಟೆಯಾ, ಇಲ್ಲ ಮಾರಿದವನೇ ಮೇಲೆ ಏನಾದ್ರೂ ಕೊಟ್ಟನಾ?" ಎಂದ ಮೀಸೆಮಾವ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಹಗ್ಗ ಬಿಗಿಯುತ್ತಾ ತಲೆ ಎತ್ತಲಿಲ್ಲ.

ಮನೆಯಲ್ಲಿ ಅತ್ತೆ ಹೋರಿಯ ಸುತ್ತ ಒಂದು ಸುತ್ತು ಬಂದಳು. "ಮೂಗಿಲ್ಲದ ಮುಖ ಇದ್ದ ಹಾಗಿದೆ" ಎಂದಳು. ಆದರೆ ಅದಕ್ಕೂ ಹಿಂಡಿ ಕಲಸಿಟ್ಟಳು.

ಕರುಗಳು ಹುಟ್ಟತೊಡಗಿದವು. ಹುಟ್ಟಿದ ಕರುವಿನ ನೆತ್ತಿಯ ಎರಡು ಪಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಕೊಂಬು ಬರುವುದಾದರೆ ಕೂದಲಿನ ಸುಳಿಯ ಕೆಳಗೆ ಕಡಲೆಕಾಳಿನಂಥ ಗಂಟು ಸಿಗುತ್ತದೆ. ಬೋಡಾದರೆ ನುಣ್ಣಗೆ, ಏನೂ ಇಲ್ಲ. ಎಲ್ಲವೂ ಬೋಡಾಗಲಿಲ್ಲ, ಅರ್ಧಕ್ಕರ್ಧ ಆದವು. ಅಷ್ಟಕ್ಕೇ ಅವಳಿಗೆ ಹಬ್ಬ. ಒಂದೊಂದರ ನೆತ್ತಿ ಸವರಿ ಒಳಗೆ ಬಂದು "ಅತ್ತೆ, ಇದೂ ನುಣ್ಣಗಿದೆ" ಎನ್ನುತ್ತಿದ್ದಳು. "ನಿನ್ನ ಸಂತೋಷ ಸಂತೆಯವರಿಗೂ ಆಗಬೇಕಲ್ಲ" ಎನ್ನುತ್ತಿದ್ದಳು ಅತ್ತೆ.

ಅತ್ತೆಯ ಬಾಯಿಗೆ ಬಂದದ್ದೇ ನಿಜವಾಯಿತು. ಆ ಕಡಸುಗಳು ಬೆಳೆದು ಗಬ್ಬವಾಗಿ ಹರಾಜಿನ ಕಣಕ್ಕೆ ಇಳಿದಾಗ ಎಲ್ಲರಿಗಿಂತ ದೊಡ್ಡ ಡೈರಿಯ ಒಡತಿ ಹತ್ತಿರ ಬಂದಳು. ಗಂಡಸರ ಬೂಟು ಹಾಕಿಕೊಂಡು ಓಡಾಡುವ, ಮಾತು ಕಡಿಮೆಯ ಹೆಂಗಸು. ತಲೆ ನೋಡಿದಳು, ಮುಖ ಅರಳಿತು. ಬಗ್ಗಿ ಹಿಂಗಾಲ ನಡುವೆ ನೋಡಿದಳು, ಅರಳಿದ್ದು ಮುದುಡಿತು. "ತಲೆ ಬೇಕಾದ್ದೇ. ಆದ್ರೆ ನಾನು ತಲೆಯಿಂದ ಹಾಲು ಕರೆಯೋದಿಲ್ಲವಲ್ಲ. ಕೆಚ್ಚಲು ಈಗಲೇ ಇಳಿಬಿದ್ದಿದೆ. ಎರಡನೇ ಕರುವಿನ ಹೊತ್ತಿಗೆ ನೆಲ ಗುಡಿಸುತ್ತೆ" ಎಂದು ಮುಂದಕ್ಕೆ ಹೋದಳು. ಉಳಿದವರೂ ಅವಳ ಹಿಂದೆ ಹೋದರು. ಕೊನೆಗೆ ಸಿಕ್ಕ ಬೆಲೆ, ಹಿಂದಿನ ಸಲ ಸುಡಿಸಿ ಮಾರಿದ ಕಡಸುಗಳಿಗೆ ಸಿಕ್ಕಿದ್ದಕ್ಕಿಂತಲೂ ಕಡಿಮೆ.

ಮನೆಗೆ ಬಂದು ಗಂಡ ಲಾರಿ ತೊಳೆಯುತ್ತಿದ್ದ. ಅವಳು ಬಕೆಟ್ಟಿಗೆ ನೀರು ತುಂಬಿಸಿ ಕೊಡುತ್ತಿದ್ದಳು. ಅತ್ತೆ ಮಣೆಯ ಮೇಲಿಂದಲೇ ತೀರ್ಪು ಕೊಟ್ಟಳು. "ಆ ಹೋರಿ ಮಾರಿಬಿಡು. ಆಟ ಆಡಿದ್ದಾಯ್ತು."

"ಅಮ್ಮ, ಇಲ್ಲಿ ಬಂದು ನೋಡು" ಎಂದ ಗಂಡ. "ಇಷ್ಟು ವರ್ಷ ಸಂತೆಯಿಂದ ಬಂದ ಮೇಲೆ ಈ ಹಲಗೆಗಳ ಮೇಲಿನ ರಕ್ತ ತೊಳೀತಿದ್ದೆ. ಯಾವುದೋ ಒಂದು ಇನ್ನೊಂದನ್ನು ತಿವಿದೇ ತಿವಿದಿರ್ತಿತ್ತು. ಇವತ್ತು ಬರೀ ಸಗಣಿ."

"ರಕ್ತವೂ ಇಲ್ಲ, ರೊಕ್ಕವೂ ಇಲ್ಲ" ಎಂದಳು ಅತ್ತೆ.

"ಇನ್ನೊಂದು ಸಲ ನೋಡೋಣ. ಅವಳು ಕೇಳ್ತಿಲ್ಲ, ನಾನು ಕೇಳ್ತಿದ್ದೀನಿ."

ಅತ್ತೆ ತುಂಬ ಹೊತ್ತು ಮಂಡಿ ಉಜ್ಜಿಕೊಂಡಳು. "ಇನ್ನೊಂದೇ ಸಲ. ಆಮೇಲೆ ನೀವಿಬ್ಬರೂ ಬೋಡು ತಲೆ ಅಂದ್ರೆ ನಾನು ಕಿವುಡಿ" ಎಂದಳು. ಸೊಸೆ ಬಾಗಿ ಬಕೆಟ್ಟು ಎತ್ತುವ ನೆಪದಲ್ಲಿ ಕಣ್ಣು ಒರೆಸಿಕೊಂಡಳು. ಇನ್ನೊಂದು ಸಲ ಎಂದರೆ ಒಂದು ದಿನದ ಮಾತಲ್ಲ, ಕರು ಹುಟ್ಟಿ ಬೆಳೆಯುವಷ್ಟು ಕಾಲ. ಅಷ್ಟು ದಿನದ ನಂಬಿಕೆಯನ್ನು ಮಂಡಿ ಉಜ್ಜುತ್ತಾ ಕೊಟ್ಟುಬಿಟ್ಟಿದ್ದಳು ಅತ್ತೆ.

ಅದೇ ವಾರ ಒಂದು ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ನೋಡಿದರೆ ಮೀಸೆಮಾವ. ಯಾರನ್ನೂ ಮಾತಾಡಿಸದೆ ನೆಟ್ಟಗೆ ಕೊಟ್ಟಿಗೆಗೆ ಹೋದ. ಹೋರಿಯ ಬೆನ್ನು ಸವರಿದ, ಗೊರಸು ಎತ್ತಿ ನೋಡಿದ, ದವಡೆ ಬಿಡಿಸಿ ಹಲ್ಲು ನೋಡಿದ. ಆಮೇಲೆ ಅವಳ ಹಸುಗಳ ಹಿಂದೆ ಒಂದೊಂದಾಗಿ ಬಗ್ಗಿದ.

"ಸಂತೆಯಲ್ಲಿ ನಕ್ಕಿದ್ದಕ್ಕೆ ಬೇಜಾರು ಮಾಡ್ಕೊಂಡಿದ್ದೀಯಾ?"

"ಎಲ್ಲರೂ ನಕ್ಕರು ಮಾವ. ನೀವು ಶುರು ಮಾಡಿದ್ರಿ, ಅಷ್ಟೇ."

"ನಗೋದು ನಗೋದೇ, ನೋಡೋದು ನೋಡೋದೇ" ಎಂದು ಮೀಸೆಮಾವ ಸೊಂಟ ನೆಟ್ಟಗೆ ಮಾಡಿಕೊಂಡ. "ಹೋರಿ ಕೆಟ್ಟದ್ದಲ್ಲ. ಗಟ್ಟಿ ಕಾಲು, ಸಾಧು ಪ್ರಾಣಿ. ಆದ್ರೆ ಕೆಚ್ಚಲು ಎತ್ತಿಕೊಡೋ ಶಕ್ತಿ ಅದರಲ್ಲಿಲ್ಲ. ನಿನ್ನ ಹಸುಗಳದ್ದೂ ಜೋಲು ಕೆಚ್ಚಲು. ಜೋಲಿಗೆ ಜೋಲು ಸೇರಿದ್ರೆ ತೊಟ್ಟಿಲಾಗುತ್ತೆ ಅಷ್ಟೇ. ನೀನು ಹೋರಿ ಆರಿಸಿದೆ, ಜೋಡಿ ಆರಿಸಲಿಲ್ಲ."

ಅವಳಿಗೆ ಅದು ಬೈದ ಹಾಗೂ ಇತ್ತು, ದಾರಿ ತೋರಿಸಿದ ಹಾಗೂ ಇತ್ತು.

"ನನ್ನ ಎರಡು ಹಸು ಇಲ್ಲಿ ತಂದು ಬಿಡ್ತೀನಿ. ನಿನ್ನ ಬೋಡನಿಗೆ ಕೊಡಿಸು. ಕರು ಹಾಕೋವರೆಗೆ ಮೇವು ನೀರು ನಿನ್ನದು. ಹೆಣ್ಣಾದ್ರೆ ನಿನಗೆ, ಗಂಡಾದ್ರೆ ನನಗೆ. ಒಪ್ಪಿಗೆಯಾ?"

ಅವಳು ಅತ್ತೆಯ ಕಡೆ ತಿರುಗಿ ನೋಡಿದಳು. ಆ ಹಸುಗಳ ಒಂದು ಕರುವಿಗೆ ಅದು ಹುಟ್ಟುವ ಮೊದಲೇ ಜನ ಹೇಳಿಟ್ಟಿರುತ್ತಿದ್ದರು. ಅತ್ತೆ ಮಣೆಯಿಂದಲೇ ಕೇಳಿದಳು, "ಯಾಕಣ್ಣ, ಮಳೆ ಬಿದ್ದ ಹಾಗೆ ಇದ್ದಕ್ಕಿದ್ದಂತೆ?"

"ನನಗೂ ವಯಸ್ಸಾಯ್ತು ತಂಗಿ, ನನ್ನ ದನಗಳ ತಲೆ ಮೇಲೆ ಬೋಡು ಹೇಗಿರುತ್ತೋ ನೋಡಬೇಕು ಅನ್ನಿಸಿದೆ. ಆದ್ರೆ ಇಷ್ಟು ವರ್ಷ ಕೊಂಬಿನ ಮೇಲೆ ಮೀಸೆ ತಿರುವಿ ಈಗ ನಾನೇ ಬೋಡು ಹೋರಿ ಕಟ್ಟಿದ್ರೆ ಊರು ಸುಮ್ಮನಿರುತ್ತಾ?" ಎಂದು ಅವನು ದನಿ ತಗ್ಗಿಸಿದ. "ಯಾರಿಗೂ ಹೇಳಬೇಡಿ."

ಎರಡು ದೊಡ್ಡ ಕೊಂಬಿನ ಹಸುಗಳು ಹಗಲಲ್ಲೇ ಬೀದಿಯಲ್ಲಿ ನಡೆದು ಬಂದವು. ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

ಆ ಹಸುಗಳನ್ನು ಅವಳು ಬಾಣಂತಿಯರಂತೆ ನೋಡಿಕೊಂಡಳು. ತಿರುಗಿದ ಕೊಂಬು ಗೋದಲಿಗೆ ತಾಗದಂತೆ ಗಂಡ ಅದರ ಅಡ್ಡ ಕಟ್ಟಿಗೆಯನ್ನು ಕೊಯ್ದು ಬಾಯಿ ಅಗಲ ಮಾಡಿಕೊಟ್ಟ. ಅತ್ತೆ ಕೂಡ ಮಂಡಿಯನ್ನು ಬೈಯುತ್ತಾ ಎದ್ದು ಬಂದು ಅವುಗಳ ಮೈ ತಿಕ್ಕುತ್ತಿದ್ದಳು. ಮೊದಲ ಹಸು ಹೆಣ್ಣುಗರು ಹಾಕಿತು. ಅವಳು ಹೆಬ್ಬೆರಳು ಇಟ್ಟು ನೋಡಿದಳು. ಕಡಲೆಕಾಳು ಸಿಕ್ಕಿತು, ಎರಡೂ ಕಡೆ. ಕೊಂಬಿನದು. ಒಪ್ಪಂದದ ಪ್ರಕಾರ ಅವಳದ್ದು.

ಎರಡನೆಯ ಹಸು ಒಂದು ಮಧ್ಯಾಹ್ನ, ಬಿಸಿಲು ಕೊಟ್ಟಿಗೆಯ ಒಳಗೆ ಅರ್ಧದವರೆಗೆ ಬಂದಿದ್ದಾಗ ಈದಿತು. ಕರುವನ್ನು ಒಣಹುಲ್ಲಿನಿಂದ ಒರೆಸುತ್ತಲೇ ಅವಳ ಹೆಬ್ಬೆರಳು ನೆತ್ತಿಗೆ ಹೋಯಿತು. ನುಣ್ಣಗೆ. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ನುಣ್ಣಗೆ. "ಅತ್ತೆ" ಎಂದು ಕೂಗಲು ಬಾಯಿ ತೆರೆದವಳು ಕರುವಿನ ಬಾಲ ಎತ್ತಿ ನೋಡಿ ಹಾಗೇ ಬಾಯಿ ಮುಚ್ಚಿದಳು. ಹೋರಿಗರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಒಂದು ಹೆಣ್ಣುಗರುವಿನಿಂದ ವರ್ಷಕ್ಕೆ ಒಂದು ಕರು. ಆದರೆ ಇಂಥ ಒಂದು ಹೋರಿ ಕೊಟ್ಟಿಗೆಯಲ್ಲಿದ್ದರೆ ಅವಳ ಅಷ್ಟೂ ಹಸುಗಳ ಮಕ್ಕಳಿಗೆ ಆ ಕೆಚ್ಚಲೂ ಬರಬಹುದು, ಈ ತಲೆಯೂ ಬರಬಹುದು. ಇಷ್ಟು ವರ್ಷ ಅವಳು ಕಾದದ್ದು ಇದಕ್ಕೇ. ಹುಟ್ಟಿದ್ದು ಅವಳ ಮಡಿಲಲ್ಲೇ. ಆದರೂ ಅವಳದ್ದಲ್ಲ.

ಹೇಳಿ ಕಳಿಸಿದ ಮೇಲೆ ಮೀಸೆಮಾವ ಬಂದ. ಕರುವಿಗೆ ಆಗ ನಾಲ್ಕು ಹೆಜ್ಜೆ ಕುಣಿಯುವಷ್ಟು ಬಲ ಬಂದಿತ್ತು. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ನೆತ್ತಿ ಸವರುತ್ತಿದ್ದಳು. ಅದು ಅವಳ ಬೆರಳು ಚೀಪುತ್ತಿತ್ತು. ಮೀಸೆಮಾವನೂ ಕೂತು, ತಾನೂ ಹೆಬ್ಬೆರಳು ಒತ್ತಿ ನೋಡಿದ. ಬೆನ್ನು ನೋಡಿದ, ಹೊಟ್ಟೆಯ ಕೆಳಗೆ ಹೋರಿಗರುವಿಗೂ ಇರುವ ಪುಟ್ಟ ಮೊಲೆಯ ಗುರುತುಗಳ ನಡುವಿನ ಅಂತರ ನೋಡಿದ. ಮತ್ತೆ ನೆತ್ತಿಗೆ ಬಂದ.

"ಹಗ್ಗ ತಂದಿದ್ದೀರಾ ಮಾವ, ನಾನು ಕೊಡಲಾ?" ಎಂದಳು ಅವಳು. ಮಾತು ಮಾತಾಗಿರಬೇಕಲ್ಲ.

ಮೀಸೆಮಾವ ಎದ್ದು ನಿಂತು ಮೀಸೆ ತೀಡಿಕೊಂಡ. "ಇದನ್ನ ಹಿಡ್ಕೊಂಡು ಬೀದಿಯಲ್ಲಿ ಹೋದ್ರೆ ನನ್ನ ಮಾನ ಉಳಿಯುತ್ತಾ? ಕೊಂಬಿರೋದು ನನ್ನ ಮನೆಗೆ, ಬೋಡು ನಿನ್ನ ಮನೆಗೆ. ಆ ಹೆಣ್ಣುಗರು ಬಿಚ್ಚು."

"ಮಾವ, ಇದು ನಿಮ್ಮದು."

"ನನಗೆ ಗೊತ್ತಿಲ್ವಾ ಯಾವುದು ನನ್ನದು ಅಂತ? ಬಿಚ್ಚು ಅಂದೆ. ಒಂದು ಮಾತು ನೆನಪಿಟ್ಕೋ. ಇದನ್ನ ಆ ದೊಡ್ಡ ಬೋಡನ ಹೆಣ್ಣುಮಕ್ಕಳಿಗೆ ಬಿಡಬೇಡ, ಅವು ಇದಕ್ಕೆ ಅಕ್ಕ ತಂಗಿಯರು. ಬೇರೆ ಹಸುಗಳಿಗೆ ಮಾತ್ರ."

ತನ್ನ ಎರಡು ಹಸು, ಕೊಂಬು ಬರಲಿರುವ ಆ ಹೆಣ್ಣುಗರು ಹಿಡಿದುಕೊಂಡು ಅವನು ಹಿಂದಿರುಗಿ ನೋಡದೆ ಹೋದ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಣ್ಣನಿಗೆ ಮರುಳು ಹಿಡಿಯಿತು" ಎಂದಳು ಮೆಲ್ಲಗೆ. ಆಮೇಲೆ ಕರುವಿನ ಕಡೆ ತಿರುಗಿ, "ಇದಕ್ಕೆ ತಾಯಿ ಹಾಲು ಎಲ್ಲಿಂದ? ನಮ್ಮ ಮಚ್ಚೆ ಹಸುವಿನ ಹತ್ತಿರ ಬಿಡು, ಅದು ಒಲ್ಲೆ ಅನ್ನೋದಿಲ್ಲ" ಎಂದಳು.

ಆ ಹೋರಿ ಬೆಳೆಯಿತು. ದೊಡ್ಡ ಬೋಡನಿಗೆ ವಯಸ್ಸಾಗಿ, ಚಿಕ್ಕ ಬೋಡನ ಕಾಲ ಬಂತು. ಅದರ ಹೆಣ್ಣುಮಕ್ಕಳು ಗಬ್ಬವಾಗಿ ಕೆಚ್ಚಲು ಕಟ್ಟತೊಡಗಿದಾಗ ಅವಳು ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಿದ್ದಳು. ಹೊಟ್ಟೆಗೆ ಹೊಲಿದಂತಿತ್ತು. ಒಂದು ದಿನ ಅತ್ತೆಯೂ ಬಗ್ಗಿ ನೋಡಿದಳು. ಏಳಲು ಸೊಸೆಯ ಭುಜ ಬೇಕಾಯಿತು. ಎದ್ದ ಮೇಲೂ ಭುಜವನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಹರಾಜಿನ ದಿನ ಅವಳ ಮೊದಲ ಬೋಡು ಕಡಸು ಕಣಕ್ಕೆ ಬಂದಾಗ, ಹಳೆಯ ನೆನಪಿನಿಂದ ಜನ ಹಿಂದೆಯೇ ಉಳಿದರು. ಮೈಕಿನವನು ಎರಡು ಸಲ ಕೂಗಿದರೂ ಯಾರೂ ಬಾಯಿ ಬಿಡಲಿಲ್ಲ. ಡೈರಿಯ ಒಡತಿ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಆಗ ಗುಂಪಿನ ನಡುವಿನಿಂದ ಒಂದು ಕೈ ಮೇಲೆದ್ದಿತು. ಮೀಸೆಮಾವನದು. ಹೇಳಿದ ಬೆಲೆ ತನ್ನ ಕೊಂಬಿನ ಕಡಸುಗಳನ್ನು ಅವನು ಮಾರುತ್ತಿದ್ದ ಬೆಲೆಯೇ.

ಜನರೆಲ್ಲ ಬಗ್ಗಿದರು. ಮೀಸೆಮಾವ ಬೋಡು ದನಕ್ಕೆ ಕೈ ಎತ್ತಿದ್ದಾನೆ ಎಂದರೆ ಕೆಳಗೆ ಏನೋ ಇರಬೇಕಲ್ಲ. ಇತ್ತು. ಡೈರಿಯ ಒಡತಿ ಬೂಟು ಸದ್ದು ಮಾಡುತ್ತಾ ಮುಂದೆ ಬಂದಳು. ಬೆಲೆ ಏರಿಸಿದಳು. ಮೀಸೆಮಾವ ಮತ್ತೆ ಏರಿಸಿದ. ಇಬ್ಬರ ಜಗ್ಗಾಟದಲ್ಲಿ ಅದು ಎಲ್ಲಿಗೆ ಹೋಯಿತೆಂದರೆ ಮೈಕಿನವನೇ ಒಮ್ಮೆ ತಡವರಿಸಿ, ಸರಿಯಾಗಿ ಕೇಳಿದೆನೇ ಎಂಬಂತೆ ನೋಡಿದ. ಕೊನೆಗೆ ಆ ಕಡಸು ಮೀಸೆಮಾವನದಾಯಿತು. ಉಳಿದವೆಲ್ಲವನ್ನೂ, ಒಂದೂ ಬಿಡದೆ, ಡೈರಿಯ ಒಡತಿ ಕೊಂಡಳು. "ಇವುಗಳ ಹೊಟ್ಟೆಯಲ್ಲಿರೋ ಕರುಗಳಲ್ಲೂ ಅರ್ಧ ಬೋಡಾದ್ರೆ ನನಗೆ ಅಷ್ಟು ಸುಡಿಸೋ ಕೆಲಸ ತಪ್ಪಿತು. ಮುಂದಿನ ಸಲ ಸಂತೆಗೆ ತರಬೇಡ, ಮೊದಲು ನನಗೆ ಹೇಳು" ಎಂದಳು. ಆಕೆ ಅಷ್ಟು ಉದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಬೋಡಕ್ಕ ಮೀಸೆಮಾವನ ಹತ್ತಿರ ಓಡಿದಳು. "ಮಾವ, ನಿಮಗೆ ಸುಮ್ಮನೆ ಕೊಡ್ತಿದ್ದೆನಲ್ಲ. ಬಾಯಿ ಬಿಟ್ಟು ಕೇಳಬಾರದಿತ್ತಾ?"

"ಸುಮ್ಮನೆ ತಗೊಂಡಿದ್ರೆ ಈ ಜನ ಬಗ್ಗಿ ನೋಡ್ತಿದ್ರಾ?" ಎಂದ ಅವನು. "ಊರೆದುರಿಗೆ ನಕ್ಕಿದ್ದೆ. ಊರೆದುರಿಗೇ ಕೊಂಡೆ. ಹೋಗು, ನಿನ್ನ ಗಂಡ ಲಾರಿ ಹಿಂದಕ್ಕೆ ತೆಗೀತಿದ್ದಾನೆ, ಕಂಬಕ್ಕೆ ಹೊಡೀತಾನೆ ನೋಡು."

ಗಂಡನ ಕಣ್ಣಲ್ಲಿ ನೀರು ತುಂಬಿ ಕನ್ನಡಿ ಕಾಣದೆ ನಿಜಕ್ಕೂ ಕಂಬಕ್ಕೆ ತಾಗಿಸಿದ್ದ.

ಕಡಸನ್ನು ಮೀಸೆಮಾವನ ಮನೆಗೆ ತಲುಪಿಸಲು ಮರುದಿನ ಅವಳೇ ನಡೆದುಕೊಂಡು ಹೋದಳು. ಅವನು ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದಳು. ಇಬ್ಬರೂ ಸೇರಿ ಕಡಸನ್ನು ಕಟ್ಟಿ, ನೀರು ಕುಡಿಸಿ, ಮೆಟ್ಟಿಲ ಮೇಲೆ ಕೂತರು.

"ಆ ಹೋರಿಗರು ಬಿಟ್ಟು ಬಂದ ದಿನ ಇವರನ್ನ ನೀನು ನೋಡಬೇಕಿತ್ತು" ಎಂದಳು ಆಕೆ. "ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. 'ಎಂಥ ಕರು, ಎಂಥ ಕರು ಬಿಟ್ಟು ಬಂದೆ' ಅಂತ ತಟ್ಟೆ ಮುಂದೆ ಕೂತು ಅದೇ ಮಾತು. ನನ್ನ ಆಯಸ್ಸಲ್ಲಿ ಅಂಥದ್ದು ಇನ್ನೊಂದು ಹುಟ್ಟೋದಿಲ್ಲ ಅಂತಿದ್ರು."

ಇಷ್ಟು ವರ್ಷ ಅವಳು ಅದನ್ನು ಮಾವನ ತಮಾಷೆ ಎಂದುಕೊಂಡಿದ್ದಳು, ಮೀಸೆಯ ಮಾನದ ಮಾತು ಎಂದುಕೊಂಡಿದ್ದಳು. "ಮತ್ತೆ ಯಾಕೆ ಕೊಟ್ರಂತೆ?"

"ನಾನೂ ಅದನ್ನೇ ಕೇಳಿದೆ. ಹೋಗಿ ವಾಪಸ್ ತನ್ನಿ, ಮಾತಾಗಿದೆಯಲ್ಲ ಅಂದೆ. 'ಆ ಹುಡುಗಿ ಅದರ ನೆತ್ತಿ ಸವರ್ತಾ ಕೂತಿದ್ದಳು ಕಣೇ, ಬಿಡಿಸ್ಕೊಂಡು ಬರೋಕೆ ಕೈ ಬರಲಿಲ್ಲ' ಅಂದ್ರು. ಎಂಟನೇ ದಿನ ಹೊಟ್ಟೆ ಹಸೀತು ಅಂತ ಕಾಣುತ್ತೆ, ಊಟ ಮಾಡಿದ್ರು."

ಇಬ್ಬರೂ ನಕ್ಕರು. ಅಷ್ಟರಲ್ಲಿ ಮೀಸೆಮಾವ ಹುಲ್ಲಿನ ಹೊರೆ ಹೊತ್ತು ಬಂದ. ಹೊರೆ ಇಳಿಸಿದ ಕೂಡಲೇ ಕಡಸಿನ ಹಿಂದೆ ಬಗ್ಗಿದ.

"ಮಾವ, ಆ ಕರು ಎಂಥದ್ದು ಅಂತ ನಿಮಗೆ ಅವತ್ತೇ ಗೊತ್ತಿತ್ತು" ಎಂದಳು ಅವಳು.

ಅವನು ಹೆಂಡತಿಯ ಕಡೆ ಒಮ್ಮೆ ಕೆಂಗಣ್ಣು ಬಿಟ್ಟ. ಆಮೇಲೆ ಕಡಸಿನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಹೇಳಿದ, "ಗೊತ್ತಿಲ್ಲದೆ ಬಿಟ್ಟು ಬಂದಿದ್ರೆ ಅದು ಮರೆವು ಕಣಮ್ಮ. ಕೊಟ್ಟ ಹಾಗಾಗ್ತಿರಲಿಲ್ಲ."

ಅವಳು "ನೀವು ದೊಡ್ಡವರು ಮಾವ" ಎಂದಷ್ಟೇ ಹೇಳಿ ಬಂದಳು. ದಾರಿಯುದ್ದಕ್ಕೂ ಒಬ್ಬೊಬ್ಬರೇ ನೆನಪಾದರು. ಇನ್ನೊಂದು ಸಲ ಎಂದು ಕೇಳಿದ ಗಂಡ, ಮಂಡಿ ಉಜ್ಜುತ್ತಾ ಒಪ್ಪಿದ ಅತ್ತೆ, ಪರರ ಕರುವಿಗೆ ಮೊಲೆ ಕೊಟ್ಟ ಮಚ್ಚೆ ಹಸು. ತನ್ನ ಹೆಸರಲ್ಲಿ ಹರಾಜಾದ ಆ ಬೆಲೆಯಲ್ಲಿ ತನ್ನದೆನ್ನುವುದು ಎಷ್ಟು ಸಣ್ಣ ಪಾಲು ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಬೇಸರವಾಗಲಿಲ್ಲ, ಮೈ ಹಗುರವಾಯಿತು.

ಮನೆಗೆ ಬಂದು ಅತ್ತೆಯ ಮಣೆಯ ಪಕ್ಕ ನೆಲದ ಮೇಲೇ ಕೂತು ಎಲ್ಲ ಹೇಳಿದಳು.

"ನಾಳೆಯಿಂದ ಒಂದು ತಂಬಿಗೆ ಹಾಲು ಅವರ ಮನೆಗೆ ಕಳಿಸು" ಎಂದಳು ಅತ್ತೆ.

"ಅತ್ತೆ, ಅವರ ಮನೆಯಲ್ಲಿ ಹಾಲು ಹೊಳೆಯಾಗಿ ಹರಿಯುತ್ತೆ."

"ಹರೀಲಿ ಬಿಡೇ. ನಮ್ಮದೂ ಅದರಲ್ಲಿ ಸೇರಲಿ."